ಜಯಲತಾಳ ಫ್ರೀಜರ್

ಐರೋಲಿಯ ಜಯಲತಾಳಿಗೆ ದಿನ ತುಂಬುತ್ತಾ ಬಂದಂತೆ ಅವಳ ಫ್ರೀಜರೂ ತುಂಬುತ್ತಾ ಬಂತು. ಗಂಡ ಚೆನ್ನಯ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರು. ಊರಿಗೆಲ್ಲ ಊಟ ಹಾಕಿಸುವ ಅವನಿಗೆ ಮನೆಯ ಗ್ಯಾಸ್ ಹಚ್ಚಲು ಬಾರದು. ಹಾಗಾಗಿ ಅವಳು ತುಂಬಿದ ಹೊಟ್ಟೆಯನ್ನು ಅಡುಗೆ ಕಟ್ಟೆಯಿಂದ ದೂರವಿಟ್ಟು, ಕೈ ಚಾಚಿ ಚಾಚಿ ಕೋಳಿ ಗಸಿ, ಹುರುಳಿ ಸಾರು, ಬಂಗುಡೆ ಪುಳಿಮುಂಚಿ ಮಾಡಿ ಡಬ್ಬಿಗಳಿಗೆ ತುಂಬುವಳು. ಐಸಿನ ಟ್ರೇ ಗಡಿಪಾರಾಯಿತು. "ಹೆರುವುದು ನೀನಾ, ನಿನ್ನ ಗಂಡನಾ?" ಎಂದು ಪಕ್ಕದ ಮನೆಯ ಪ್ರಫುಲ್ಲಕ್ಕ ಕೆಣಕಿದರೂ ಸೌಟು ನಿಲ್ಲದು. ಒಂದು ಸಂಜೆ ಚೆನ್ನಯ ಫ್ರೀಜರ್ ತೆರೆದು ಹಿಗ್ಗಿದ: "ಭಾರಿ ಆಯ್ತು ಮಾರಾಯ್ತಿ! ಇದ್ರಲ್ಲಿ ನಿನ್ನದು ಯಾವುದು?" "ಬಾಣಂತಿಗೆ ತಂಗಳು ಕೊಡ್ತಾರಾ? ನನಗೆ ಬಿಸಿ ಬಿಸಿ ಒಳ್ಳೆಮೆಣಸಿನ ಸಾರೇ ಆಗ್ಬೇಕು" ಎಂದವಳು, ಅದನ್ನು ಮಾಡಿಕೊಡುವವರು ಯಾರೆಂದು ಹೇಳಲಿಲ್ಲ. ಬಾಣಂತನಕ್ಕೆ ಬರಬೇಕಿದ್ದ ಅವಳ ಅಮ್ಮ ಹೋದ ವರ್ಷವೇ ತೀರಿಕೊಂಡಿದ್ದರು. ಚೆನ್ನಯ ಮೆಲ್ಲಗೆ ಫ್ರೀಜರ್ ಮುಚ್ಚಿದ. ಅಂದಿನಿಂದ ಆ ಮನೆಯಲ್ಲಿ ಪ್ರತಿ ಸಂಜೆ ಬೆಳ್ಳುಳ್ಳಿ ಕರಟುವ ವಾಸನೆ. ಜಯಲತಾ ಕುರ್ಚಿಯಲ್ಲಿ ಕೂತು, ಅವನು ಮಾಡಿದ ಸಾರನ್ನು ಒಂದು ಗುಟುಕು ಕುಡಿದು, ಮುಖ ಕಿವುಚಿ ಹೇಳುತ್ತಾಳೆ: "ನಿನ್ನೆಗಿಂತ ಕಮ್ಮಿ ಕರಟಿದೆ ಮಾರಾಯ್ರೆ, ಇನ್ನು ಹೆರಬಹುದು."