ಅನಂತಲಕ್ಷ್ಮಿ ಮೇಡಂಗೆ ಸನ್ಮಾನ

ಬಸವೇಶ್ವರನಗರದ ನಮ್ಮ ಬಡಾವಣೆಯ ಮನೆಗಳಿಗೆಲ್ಲ ಮುಖ ಕಾಲುದಾರಿಯ ಕಡೆಗೆ, ಬೆನ್ನು ರಸ್ತೆಯ ಕಡೆಗೆ. ಎಪ್ಪತ್ತರ ದಶಕದಲ್ಲಿ ಕಾರ್ಖಾನೆಯೊಂದರ ನೌಕರರು ಸೇರಿ ಕಟ್ಟಿಸಿದ್ದು. ಕಾರಿದ್ದವರು ಆಗ ಒಬ್ಬರೂ ಇರಲಿಲ್ಲ. ಎದುರುಬದುರು ಮನೆಗಳ ನಡುವೆ ಕಲ್ಲುಚಪ್ಪಡಿ ಹಾಸಿ, ಹೊಂಗೆ ನೆಟ್ಟು, ಸೈಕಲ್ಲನ್ನೂ ಹಿತ್ತಿಲ ಕಡೆಯಿಂದಲೇ ತರಬೇಕೆಂದು ಮಾಡಿದರು. ಅನಂತಲಕ್ಷ್ಮಿ ಮೇಡಂ ಅವರ ತಂದೆಯೂ ಅವರಲ್ಲೊಬ್ಬರು.

ತಂದೆ ಹೋದಮೇಲೆ ಮನೆಯೂ ತಮ್ಮ ಗಿರಿರಾಜನೂ ಮೇಡಂ ಪಾಲಿಗೆ ಬಂದರು. ಗಿರಿರಾಜನಿಗೆ ವಯಸ್ಸು ಐವತ್ತು, ಬುದ್ಧಿ ಐದು ವರ್ಷದ ಮಗುವಿನದು. ತಿಂಡಿ ತಿಂದು ಹೊರಟರೆ ಸಂಜೆಯವರೆಗೂ ಕಾಲುದಾರಿಯ ಈ ತುದಿಯಿಂದ ಆ ತುದಿಗೆ ನಡಿಗೆ. ನಡೆಯದ ದಿನ ಅತ್ತೂ ಅತ್ತೂ ಸುಸ್ತಾಗುತ್ತಾನೆ. ಹಾರನ್ ಕೇಳಿದರೆ ನಿಂತಲ್ಲೇ ಕಿವಿ ಮುಚ್ಚಿ ಕೂತುಬಿಡುತ್ತಾನೆ, ಹಾಗಾಗಿ ರಸ್ತೆಗೆ ಬಿಡುವ ಹಾಗಿಲ್ಲ. ಮೇಡಂ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ನೋಡಲು ಬಂದ ಗಂಡುಗಳನ್ನೆಲ್ಲ "ನಿಮ್ಮನೇಲಿ ಗಿರಿ ಎಲ್ಲಿ ನಡೀಬೇಕು?" ಎಂದು ಕೇಳಿಯೇ ವಾಪಸ್ ಕಳಿಸಿದವರು.

ಈಗ ಎಲ್ಲರ ಮನೆಯಲ್ಲೂ ಕಾರು, ಅದನ್ನು ಮುಂಬಾಗಿಲಿಗೇ ತಂದು ನಿಲ್ಲಿಸುವ ಚಪಲ. ಕಾಲುದಾರಿ ಅಗೆಯಲು ಎರಡು ಸಲ ಜೆಸಿಬಿ ತರಿಸಿದರು. ಎರಡು ಸಲವೂ ಮೇಡಂ ದಾರಿಯ ನಡುವೆ ಕುರ್ಚಿ ಹಾಕಿಕೊಂಡು ಕೂತರು. "ನನ್ ಕೈಲಾಗಲ್ಲ ಸಾರ್, ವಯಸ್ಸಾದೋರು," ಎಂದು ಡ್ರೈವರ್ ಗಾಡಿ ತಿರುಗಿಸಿಕೊಂಡು ಹೋದ. ಆಮೇಲೆ ಸಂಘದ ಕಾರ್ಯದರ್ಶಿ ಸಿದ್ದಲಿಂಗೇಶನ ತಲೆಗೆ ರಾಜ್ಯೋತ್ಸವ ಹೊಳೆಯಿತು.

"ಬಡಾವಣೆ ಇತಿಹಾಸ ನಿಮ್ಮಷ್ಟು ಯಾರಿಗ್ ಗೊತ್ತಿದೆ ಮೇಡಂ? ನಿಮಗೆ ಸನ್ಮಾನ ಮಾಡ್ತೀವಿ, ನೀವು ಮಾತಾಡ್ಬೇಕು," ಎಂದ.

"ಗಿರಿ ಅಂಕಲ್‌ನ ನಾನು ನೋಡ್ಕೋತೀನಿ ಆಂಟಿ," ಎಂದಳು ಅವನ ಹೆಂಡತಿ ಸೌಮ್ಯಶ್ರೀ.

ಜೀವಮಾನದಲ್ಲಿ ಯಾರೂ ಒಂದು ಹಾರ ಹಾಕಿರಲಿಲ್ಲ. ಮೇಡಂ ರೇಷ್ಮೆ ಸೀರೆ ಉಟ್ಟರು. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನಾನೇ ಸ್ಕೂಟರಿನಲ್ಲಿ ರಾಜಾಜಿನಗರದ ಸಭಾಭವನಕ್ಕೆ ಕರೆದುಕೊಂಡು ಹೋದೆ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಚಪ್ಪಡಿ ಹೊತ್ತವರ ಹೆಸರನ್ನೂ ಬಿಡದೆ ಅವರು ಕಾಲುದಾರಿಯ ಕಥೆ ಹೇಳಿದರು. ಮುಗಿಸಿ ಏಳಲು ಹೋದಾಗಲೆಲ್ಲ ಸಿದ್ದಲಿಂಗೇಶ, "ಇನ್ನೂ ಸ್ವಲ್ಪ ಹೇಳಿ ಮೇಡಂ," ಎಂದು ಕೂರಿಸಿದ. ಕೊನೆಗೆ ಅವನಿಗೊಂದು ಫೋನ್ ಬಂತು. ಮೇಡಂ ಮಾತನ್ನು ಅಲ್ಲಿಗೇ ನಿಲ್ಲಿಸಿ ವಂದನಾರ್ಪಣೆ ಮಾಡಿಬಿಟ್ಟ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾವು ಬರುವಷ್ಟರಲ್ಲಿ ಹೊಂಗೆ ಮರಗಳು ಉರುಳಿದ್ದವು, ಚಪ್ಪಡಿಗಳು ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಜೆಸಿಬಿ ಪಕ್ಕದಲ್ಲಿ ಗಿರಿರಾಜ ನಿಂತಿದ್ದ, ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ.

"ಅಕ್ಕಾ! ಪೂಜೆಗೆ ನಾನೇ ಕಾಯಿ ಒಡ್ದೆ! ಎಲ್ರೂ ಚಪ್ಪಾಳೆ ಹೊಡೆದ್ರು!"

"ಅಂಕಲ್ ಎಷ್ಟು ಖುಷಿಯಾಗಿದ್ರು ಗೊತ್ತಾ ಆಂಟಿ," ಎಂದಳು ಸೌಮ್ಯಶ್ರೀ. ಸುತ್ತ ನಿಂತವರು ನಕ್ಕರು. ಥೂ, ಎಂಥ ಜನ!

ಮೇಡಂ ಬೈಯಲಿಲ್ಲ. "ಚೆನ್ನಾಗಿ ಒಡೆದ್ಯಾ ಕಂದಾ?" ಎಂದರು.

"ಒಂದೇ ಏಟಿಗೆ! ಈಗ ನಡ್ಯೋಕ್ ಹೋಗ್ಲಾ?"

ಅವರು ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಚಿಲಕ ಹಾಕಿದರು. ಹಗಲು ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ತೆರೆದದ್ದನ್ನು ನೋಡಿಲ್ಲ.