ಗ್ಯಾಲರಿಯಿಂದ ತುಳುವಿನಲ್ಲಿ ಕೂಗಿದ್ದು

ನಾನು ಆಡಿ ಬೆಳೆದ ಆಟದಲ್ಲಿ ಪಾಸ್ ಎಂಬುದೇ ಇರಲಿಲ್ಲ. ಉಡುಪಿ ಕಡೆಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟವೆಂದರೆ ಥ್ರೋಬಾಲ್. ನೆಟ್ಟಿನ ಆಚೆಯಿಂದ ಬಂದ ಚೆಂಡನ್ನು ಹಿಡಿಯಬೇಕು, ಹಿಡಿದವಳೇ ತಡಮಾಡದೆ ಆಚೆಗೆ ಎಸೆಯಬೇಕು. ಪಕ್ಕದವಳ ಕೈಗೆ ಕೊಟ್ಟೆಯೋ, ಪಾಯಿಂಟು ಎದುರಿನವರಿಗೆ. ಅಂಥ ಆಟದಲ್ಲಿ ಜಿಲ್ಲಾ ಮಟ್ಟದವರೆಗೆ ಹೋಗಿಬಂದ ನಾನು ಬಹರೈನಿಗೆ ಬಂದು ಒಬ್ಬ ಪಾಯಿಂಟ್ ಗಾರ್ಡಿನ ತಾಯಿಯಾದೆ.

ಪಾಯಿಂಟ್ ಗಾರ್ಡ್ ಎಂದರೆ ಬಾಸ್ಕೆಟ್‌ಬಾಲ್ ತಂಡದಲ್ಲಿ ಚೆಂಡನ್ನು ಮುಂದಕ್ಕೆ ತಂದು ಆಟ ನಡೆಸುವವಳು. ಒಂಬತ್ತನೇ ಕ್ಲಾಸಿನ ನನ್ನ ಮಗಳು ತಂಡದಲ್ಲೇ ಗಿಡ್ಡ, ಆದರೆ ಚೆಂಡು ಅವಳ ಕೈಗೆ ಅಂಟಿಕೊಂಡೇ ಓಡುತ್ತದೆ. ತಂದ ಚೆಂಡನ್ನು ಏನು ಮಾಡಬೇಕು ಎಂಬುದೊಂದೇ ನಮ್ಮಿಬ್ಬರ ಜಗಳ. ಬುಟ್ಟಿಗೆ ಹಾಕಬೇಕು ಎಂದು ನಾನು. ಯಾರು ಖಾಲಿ ನಿಂತಿದ್ದಾರೋ ಅವರಿಗೆ ಕೊಡಬೇಕು ಎಂದು ಅವಳು.

“ಅಷ್ಟು ಕಷ್ಟಪಟ್ಟು ತರುವುದು ನೀನು, ಹಾಕಿ ಹೆಸರು ಮಾಡುವುದು ಆ ಉದ್ದದ ಹುಡುಗಿಯಾ? ಎಂತ ದಾನಶೂರಿ ಮಾರಾಯ್ತಿ ನೀನು!” ಎಂದು ನಾನು ರೇಗುತ್ತಿದ್ದೆ.

“ಅಮ್ಮ, ದಟ್ಸ್ ಮೈ ಜಾಬ್,” ಎನ್ನುತ್ತಿದ್ದಳು ಅವಳು, ಶೂ ಲೇಸು ಬಿಚ್ಚುತ್ತಾ.

ಆ ಜಾಬ್ ಎಂಬ ಮಾತಿಗೇ ನನ್ನ ಪಿತ್ತ ನೆತ್ತಿಗೇರುತ್ತಿತ್ತು. ಉಮ್ ಅಲ್ ಹಸ್ಸಮ್‌ನ ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ನಾನು ದಿನವಿಡೀ ಮಾಡುವುದೂ ಅದನ್ನೇ. ಬಂದವರಿಗೆ ಸಲಾಂ ಹೇಳುವುದು, ಫೈಲು ಹುಡುಕುವುದು, ಡಾಕ್ಟರ ಕಡೆಗೆ ಕಳಿಸುವುದು. ಗುಣವಾದವರು ಡಾಕ್ಟರಿಗೆ ಖರ್ಜೂರದ ಡಬ್ಬಿ ತಂದುಕೊಡುತ್ತಾರೆ, ನನ್ನ ಮೇಜಿನ ಮುಂದೆಯೇ ಹಾದುಹೋಗಿ. ನನಗೆ ಖರ್ಜೂರದ ಆಸೆಯಿಲ್ಲ. ಆದರೆ ನನ್ನ ಮಗಳೂ ಇನ್ನೊಬ್ಬರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಲ್ಲುವವಳಾಗಬಾರದು ಎಂಬ ಸಂಕಟ ನನಗೆ ನಿಜವಾಗಿಯೂ ಇತ್ತು. ಅದನ್ನು ಅವಳಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ, ಬೈಯಲು ಮಾತ್ರ ಬರುತ್ತಿತ್ತು.

ಆ ಚಳಿಗಾಲದಲ್ಲಿ ಬೇರೆ ಬೇರೆ ಶಾಲೆಗಳ ಹುಡುಗಿಯರನ್ನು ಆರಿಸಿ ಒಂದು ತಂಡ ಕಟ್ಟಿ ಕುವೈತಿಗೆ ಕರೆದೊಯ್ಯುವುದೆಂದಾಯಿತು. ಮನೆಯಲ್ಲಿ ನಾನೊಂದು ಷರತ್ತು ಹಾಕಿದೆ. ಮುಂದಿನ ವರ್ಷ ಹತ್ತನೇ ಕ್ಲಾಸು. ಆಯ್ಕೆಯಾದರೆ ಆಟ ಮುಂದುವರಿಯಲಿ, ಇಲ್ಲದಿದ್ದರೆ ಚೆಂಡು ಮಂಚದಡಿಗೆ, ಮಗಳು ಟ್ಯೂಷನ್ನಿಗೆ. ಅವಳು ವಾದಿಸುತ್ತಾಳೆಂದು ನಾನು ಮಾತು ಮಸೆದಿಟ್ಟುಕೊಂಡಿದ್ದೆ. ಅವಳು ಒಂದೇ ಮಾತಿಗೆ ಸರಿ ಎಂದು ಎದ್ದುಹೋದಳು. ಆ ರಾತ್ರಿ ಊಟವನ್ನೂ ಅರ್ಧಕ್ಕೇ ಬಿಟ್ಟಳು.

ಆಯ್ಕೆಯ ಪಂದ್ಯ ಶುಕ್ರವಾರ ಸಂಜೆ ವಿಮಾನ ನಿಲ್ದಾಣದ ಪಕ್ಕದ ಅರಾದ್‌ನ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ತಂಡ ಆರಿಸುವ ಕೋಚ್ ಫಿಲಿಪೈನ್ಸಿನವರು, ಸದಾ ನಗುಮುಖದವರು. ಬಾಗಿಲಲ್ಲೇ ಅವರನ್ನು ಹಿಡಿದು, ಇವಳು ಸ್ಕೋರು ಮಾಡಬೇಕೋ ಪಾಸು ಕೊಡಬೇಕೋ, ನೀವೇ ಒಂದು ತೀರ್ಮಾನ ಹೇಳಿ ಎಂದು ಕೇಳಿದೆ. “ಮೊದಲು ನೋಡಬೇಕು ಮ್ಯಾಮ್,” ಎಂದರು. ಯಾರು, ಏನನ್ನು ನೋಡಬೇಕು ಎಂದು ಕೇಳುವಷ್ಟರಲ್ಲಿ ಸೀಟಿ ಊದಲು ಹೊರಟೇಹೋದರು. ನನಗೆ ಅದು ಜಾರಿಕೊಳ್ಳುವ ಉತ್ತರದಂತೆ ಕಂಡಿತು.

ಇಲ್ಲಿ ನಮ್ಮ ಮನೆಯ ಒಂದು ಅಭ್ಯಾಸವನ್ನು ಹೇಳಬೇಕು. ಗಂಡ ಶಿವಮೊಗ್ಗ ಕಡೆಯವರಾದ್ದರಿಂದ ಮನೆಮಾತು ಕನ್ನಡ. ತುಳು ನನ್ನ ಮತ್ತು ಮಗಳ ಗುಟ್ಟಿನ ಭಾಷೆ. ಬಟ್ಟೆ ಅಂಗಡಿಯಲ್ಲಿ ರೇಟು ಜಾಸ್ತಿಯಾಯಿತು, ನಡಿ ಎನ್ನಲು ತುಳು. ಲಿಫ್ಟಿನಲ್ಲಿ ಯಾರದೋ ಅತ್ತರಿಗೆ ಮೂಗು ಮುರಿಯಲು ತುಳು. ಇಂಗ್ಲಿಷು, ಹಿಂದಿ, ಅರಬ್ಬಿ ಎಲ್ಲರಿಗೂ ತಿಳಿಯುತ್ತದೆ, ತುಳು ಯಾರಿಗೂ ತಿಳಿಯುವುದಿಲ್ಲ ಎಂಬುದು ನನ್ನ ಭಾರೀ ಲೆಕ್ಕಾಚಾರ. “ನಿಮ್ಮ ಊರಿನವರಿಲ್ಲದ ಓಣಿ ಈ ದ್ವೀಪದಲ್ಲಿ ಒಂದಾದರೂ ಇದೆಯೇನೇ?” ಎಂದು ಗಂಡ ನಗುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಬಂದ ಹುಡುಗಿಯರನ್ನೇ ಎರಡು ತಂಡ ಮಾಡಿ ಪಂದ್ಯ ಶುರುಮಾಡಿದರು. ಮಗಳನ್ನು ತಡೆಯಲು ನಿಂತವಳು ತಲೆಗೆ ಕಪ್ಪು ಸ್ಕಾರ್ಫ್ ಬಿಗಿದಿದ್ದ, ಉದ್ದ ಕೈಗಳ ಹುಡುಗಿ. ಅರಬ್ಬರವಳೆಂದು ನಾನು ನಿಶ್ಚಿಂತೆಯಾಗಿ ಕೂತೆ. ಮಗಳು ಚೆಂಡು ತಂದಳು, ಎದುರಿಗೆ ಜಾಗ ಕಂಡಿತು, ನಾನು ಎದ್ದುನಿಂತು ಕೂಗಿದೆ: “ಪಾಡ್!”

ಪಾಡ್ ಎಂದರೆ ಹಾಕು. ಮಗಳು ಹಾಕಲು ಕೈಯೆತ್ತಿದಳು. ಅಷ್ಟರಲ್ಲಿ ಆ ಹುಡುಗಿ ಹಾರಿಯಾಗಿತ್ತು, ಚೆಂಡು ಅವಳ ಅಂಗೈಗೆ ತಾಗಿ ಕೆಳಗೆ ಬಿತ್ತು. ಇನ್ನೊಮ್ಮೆ ಕೂಗಿದೆ, ಇನ್ನೊಮ್ಮೆ ಹಾಗೇ ಆಯಿತು. ಮಗಳು ಕೈಯೆತ್ತುವ ಮೊದಲೇ ಆ ಹುಡುಗಿಗೆ ಹೇಗೆ ತಿಳಿಯುತ್ತದೆ ಎಂದು ನನಗೆ ಕುತೂಹಲ, ಅದಕ್ಕಿಂತ ಹೆಚ್ಚು ಸಿಟ್ಟು. ಸಿಟ್ಟಿನಲ್ಲಿ ಸ್ವರ ಇನ್ನೂ ಏರಿತು. ಕೋಚ್ ಗಲ್ಲಕ್ಕೆ ಕೈಯಿಟ್ಟು ಎಲ್ಲವನ್ನೂ ನೋಡುತ್ತಿದ್ದರು. ನನ್ನ ಮಗಳ ಆಟ ನನ್ನ ಕಣ್ಣೆದುರೇ ಕೆಡುತ್ತಿತ್ತು.

ಅರ್ಧ ಆಟ ಮುಗಿದು ಎಲ್ಲರೂ ನೀರು ಕುಡಿಯುತ್ತಿದ್ದಾಗ, ಪಕ್ಕದ ಸೀಟಿನಲ್ಲಿ ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದ ಅಬಾಯಾದ ಹೆಂಗಸು ನನ್ನ ಕಡೆಗೆ ಬಾಗಿದರು. “ಎಂಕ್ಲೆಗ್ಲಾ ತುಳು ಬರ್ಪುಂಡು ಅಕ್ಕ,” ಎಂದರು. ನಮಗೂ ತುಳು ಬರುತ್ತದೆ ಎಂದು.

ನನ್ನ ಮುಖ ಹೇಗಾಯಿತೋ ಗೊತ್ತಿಲ್ಲ. ಬಂಟ್ವಾಳ ಕಡೆಯ ಬ್ಯಾರಿಗಳಂತೆ ಅವರು. ಉದ್ದ ಕೈಗಳ ಆ ಹುಡುಗಿ ಅವರ ಮಗಳಂತೆ.

“ನಿಮ್ಮ ಮಗಳು ಚಂದ ಆಡ್ತಾಳೆ ಅಕ್ಕ. ಆದ್ರೆ ನೀವು ಹೇಳುವುದೆಲ್ಲ ನನ್ನ ಮಗಳಿಗೂ ಕೇಳ್ತದೆ. ನನಗೇ ಒಂಥರಾ ಆಯ್ತು, ಅದಕ್ಕೆ ಹೇಳಿದೆ,” ಎಂದು ಕನ್ನಡದಲ್ಲಿ ಮುಂದುವರಿಸಿದರು.

ನನ್ನ ಮಗಳು ಗೆಲ್ಲುತ್ತಿರುವಾಗ ಎದುರಿನವಳ ತಾಯಿಗೆ ಹೀಗೆ ಹೇಳಲು ನನಗಂತೂ ಮನಸ್ಸು ಬರುತ್ತಿರಲಿಲ್ಲ. ನಾನು ಥ್ಯಾಂಕ್ಸ್ ಕೂಡ ಹೇಳದೆ ಮೆಟ್ಟಿಲಿಳಿದು ಅಂಕಣದ ಅಂಚಿನ ಕಂಬಿಯ ಹತ್ತಿರ ಓಡಿದೆ. ನನ್ನ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಗಂಡನ ನಗು ಹಿಂದಿನಿಂದ ಕೇಳುತ್ತಲೇ ಇತ್ತು.

“ಮಗಾ, ಅವಳಿಗೆ ತುಳು ಗೊತ್ತುಂಟು!” ಎಂದು ಮಗಳ ಕಿವಿಯಲ್ಲಿ ಉಸುರಿದೆ. “ನಾನಿನ್ನು ಬಾಯಿ ಬಿಡುವುದಿಲ್ಲ.”

“ಗೊತ್ತಾಯ್ತು ಅಮ್ಮ, ಆಗ್ಲೇ,” ಎಂದಳು ಬೆವರು ಒರೆಸುತ್ತಾ. ಅವಳ ಮುಖದಲ್ಲಿ ಸೋಲಿರಲಿಲ್ಲ, ತಿಂಡಿ ಕದಿಯಲು ಹೊರಟವಳ ಕಳೆಯಿತ್ತು. “ಬಾಯಿ ಮುಚ್ಬೇಡ. ಜೋರಾಗಿ ಕೂಗು. ಪ್ಲೀಸ್.”

ಆಟ ಮತ್ತೆ ಶುರುವಾದಾಗ ಮೇಲೆ ನನ್ನ ಸೀಟಿಗೆ ಮರಳಿದ್ದ ನಾನು ಹೇಳಿಸಿಕೊಂಡಂತೆ ಎದ್ದುನಿಂತು “ಪಾಡ್!” ಎಂದೆ. ಸ್ಕಾರ್ಫಿನ ಹುಡುಗಿ ಹಾರಿದಳು. ಮಗಳು ಎತ್ತಿದ ಕೈಯನ್ನು ಕೆಳಗಿಳಿಸಿ, ಅವಳ ತೋಳಿನಡಿಯಿಂದ ಚೆಂಡನ್ನು ಬುಟ್ಟಿಯ ಕೆಳಗಿದ್ದ ಗೆಳತಿಗೆ ಜಾರಿಸಿದಳು. ಬಿತ್ತು ಬುಟ್ಟಿಗೆ. ಮತ್ತೆ ಕೂಗಿದೆ, ಮತ್ತೆ ಇನ್ಯಾರಿಗೋ ಪಾಸು, ಮತ್ತೆ ಬುಟ್ಟಿ. ನನ್ನ ಕೂಗು ಎದುರಿನವರನ್ನು ಒಂದು ಕಡೆಗೆ ಎಳೆದಾಗ ಇನ್ನೊಂದು ಕಡೆ ಜಾಗ ತೆರೆಯುವುದು ನನಗೆ ಮೇಲಿನಿಂದ ಕಾಣತೊಡಗಿತು. ಅಷ್ಟು ವರ್ಷ ಪಂದ್ಯ ನೋಡಿದ್ದೆನಲ್ಲ, ನಿಜ ಹೇಳುತ್ತೇನೆ, ಚೆಂಡನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಈಗ ಚೆಂಡಿಲ್ಲದ ಹುಡುಗಿಯರು ಓಡುವುದು, ನಿಲ್ಲುವುದು, ಕೈ ಬೀಸಿ ಕೇಳುವುದು ಎಲ್ಲ ಕಂಡಿತು. ನನ್ನ ಮಗಳಿಗೆ ಅದು ಮೊದಲಿನಿಂದಲೂ ಕಾಣುತ್ತಿತ್ತು. ಅವಳು ಯಾರಿಗೂ ದಾನ ಮಾಡುತ್ತಿರಲಿಲ್ಲ, ಆಟವನ್ನೇ ಅವಳು ನಡೆಸುತ್ತಿದ್ದಳು. ನನಗೆ ನಿಂತಲ್ಲೇ ಕಣ್ಣು ತುಂಬಿತು.

ಆದರೆ ಆ ಬಂಟ್ವಾಳದ ಹುಡುಗಿಯೇನು ದಡ್ಡಿಯೇ? ನಾಲ್ಕಾರು ಸಲ ಮೋಸಹೋದ ಮೇಲೆ ನನ್ನ ಕೂಗಿಗೆ ಕವಡೆ ಕಿಮ್ಮತ್ತೂ ಕೊಡಲಿಲ್ಲ. ನೆಲಕ್ಕೆ ಕಾಲೂರಿ ನಿಂತು ಮಗಳ ಕಣ್ಣನ್ನೇ ಓದತೊಡಗಿದಳು. ಕೊನೆಯ ನಿಮಿಷ ಬಂದಾಗ ಎರಡೂ ತಂಡ ಸರಿಸಮ.

ಚೆಂಡು ಮಗಳ ಕೈಯಲ್ಲಿತ್ತು. ಎದುರಿಗೆ ಆ ಹುಡುಗಿ. ಬಲಮೂಲೆಯಲ್ಲಿ, ನಾನು ಯಾವಾಗಲೂ ಕರುಬುತ್ತಿದ್ದ ಅದೇ ಉದ್ದದ ಗೆಳತಿ, ಸುತ್ತ ಯಾರೂ ಇಲ್ಲದೆ ಒಬ್ಬಳೇ ನಿಂತಿದ್ದಳು. ತಡೆಯಲಾಗಲಿಲ್ಲ ನನಗೆ. ಗಂಟಲು ಹರಿಯುವಂತೆ ಕೂಗಿಬಿಟ್ಟೆ: “ಕೊರ್! ಕೊರ್!”

ಕೊರ್ ಎಂದರೆ ಕೊಡು. ಆ ಮಾತು ಆಟದಲ್ಲಿ ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಸ್ಕಾರ್ಫಿನ ಹುಡುಗಿ ಒಂದು ಹೆಜ್ಜೆ ಬಲಮೂಲೆಯ ಕಡೆಗೆ ವಾಲಿದಳು. ಆ ಒಂದು ಹೆಜ್ಜೆಯ ಜಾಗದಲ್ಲಿ ನನ್ನ ಗಿಡ್ಡ ಮಗಳು ಯಾರ ಅಡ್ಡಿಯೂ ಇಲ್ಲದೆ ಹಾರಿ ಚೆಂಡನ್ನು ಬುಟ್ಟಿಗೆ ಹಾಕಿದಳು.

ಪಕ್ಕದ ಹೆಂಗಸು ನನ್ನ ತೋಳಿಗೆ ಮೆಲ್ಲಗೆ ಹೊಡೆದು, “ಭಾರೀ ಕಳ್ಳಿ ನೀವು!” ಎಂದು ನಕ್ಕರು. ಕೋಚ್ ತಂಡದ ಹೆಸರು ಹೇಳುವಾಗ ನಾವಿಬ್ಬರೂ ಕೈ ಹಿಡಿದುಕೊಂಡೇ ನಿಂತಿದ್ದೆವು. ನನ್ನ ಮಗಳ ಹೆಸರು ಬಂತು, ಅವರ ಮಗಳದ್ದೂ ಬಂತು. ಬಿಟ್ಟುಹೋಗಿದ್ದ ಥ್ಯಾಂಕ್ಸನ್ನು ಆಗ ಹೇಳಿದೆ, ತುಳುವಿನಲ್ಲೇ.

ವಾಪಸು ಬರುವಾಗ ವಿಮಾನವೊಂದು ಕಾರಿನ ನೆತ್ತಿಗೇ ಇಳಿಯುವಂತೆ ಹಾದುಹೋಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಗಂಡ, “ಕೊನೆಗೆ ಕೊಡು ಅಂತ ಕೂಗಿ ಆ ಹುಡುಗಿಯನ್ನ ಏಮಾರಿಸಿದೆಯಲ್ಲ, ತಲೆ ಅಂದ್ರೆ ತಲೆ ಕಣೇ ನಿಂದು,” ಎಂದರು. ಹೊಗಳಿಕೆ ಯಾರಿಗೆ ಬೇಡ? ಸೇತುವೆ ದಾಟುವವರೆಗೆ ಹೂಂ ಎಂದುಕೊಂಡೇ ಕೂತಿದ್ದೆ. ಆಮೇಲೆ ತಡೆಯಲಾಗಲಿಲ್ಲ.

“ಏಮಾರಿಸಲಿಕ್ಕೆ ಕೂಗಿದ್ದಲ್ಲ ನಾನು,” ಎಂದೆ. “ಆ ಉದ್ದದ ಹುಡುಗಿ ಮೂಲೆಯಲ್ಲಿ ಖಾಲಿ ನಿಂತಿದ್ದಳಲ್ಲ, ಅವಳಿಗೆ ಕೊಡು ಅಂತಲೇ ಕೂಗಿದ್ದು. ನಿಜವಾಗಿ.”

“ಗೊತ್ತು ಅಮ್ಮ,” ಎಂದಳು ಮಗಳು ಹಿಂದಿನ ಸೀಟಿನಿಂದ. “ಅದಕ್ಕೇ ಅವಳು ನಂಬಿದ್ದು.”