ಕಪಾಟಿನಲ್ಲಿ ಸುಟ್ಟ ಗುಳ್ಳದ ಸಸಿಗಳು

ದೊಡ್ಡಮ್ಮ, ಮೂರು ವರ್ಷದ ಹಿಂದೆ ನಿಮ್ಮ ಗುಳ್ಳ ಬದನೆಯ ಸಸಿಗಳು ಸತ್ತದ್ದು ನಿಮ್ಮ ಕೈಯಿಂದಲ್ಲ. ಬೀಜ ಹಳತಾಗಿಯೂ ಅಲ್ಲ. ಅವನ್ನು ಸುಟ್ಟವಳು ನಾನು. ಸುಟ್ಟು, ಸುಟ್ಟ ಗುರುತನ್ನು ಒರೆಸಿ, ತಪ್ಪನ್ನು ನಿಮ್ಮ ಮೇಲೆ ಹಾಕಿದೆ.

ಇಷ್ಟು ಹೇಳಲು ಮೂರು ವರ್ಷ ಬೇಕಾಯಿತು — ಚರ್ಚಾಸ್ಪರ್ಧೆಯಲ್ಲಿ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ, ಚೀಟಿ ಎತ್ತಿದ ಮರುಗಳಿಗೆಗೆ ಮಾತಾಡುವ ನನಗೆ.

ನಿಮಗೆ ನೆನಪಿರಬಹುದು. ಯಡ್ತರೆಯ ನಿಮ್ಮ ಮನೆಯ ಪೂರ್ವಕ್ಕೆ ಆ ಮದುವೆ ಹಾಲ್ ಎದ್ದು ನಿಂತು, ಸಸಿ ಮಾಡುವ ಜಾಗಕ್ಕೆ ಬೆಳಗಿನ ಬಿಸಿಲೇ ಇಲ್ಲದಾಗಿತ್ತು. ಮೊಳಕೆಗಳು ಬಿಳಚಿಕೊಂಡು, ಉದ್ದಕ್ಕೆ ಎದ್ದು, ಕತ್ತು ಬಾಗಿಸುತ್ತಿದ್ದವು. ಕೇರಿಯ ಏಳೆಂಟು ಮನೆಯವರು ತಮ್ಮ ಸಸಿಮಡಿಗೆ ಮೊದಲ ಬೀಜ ಹಾಕಲು ನಿಮ್ಮನ್ನೇ ಕರೆಯುತ್ತಿದ್ದರು. ಗಿರಿಜಕ್ಕನ ಕೈಗುಣ ಅಂಥದ್ದು ಎನ್ನುತ್ತಿದ್ದರು. ನಾನು ಕೆಣಕುತ್ತಿದ್ದೆ: "ಕೈಗುಣಕ್ಕೆ ಪುರಾವೆ ಎಂತ ಇತ್ತ್ ದೊಡ್ಡಮ್ಮ?"

"ಗುಳ್ಳದ ಹುಳಿ ಎರಡ್ ಸಲ ಬಡಿಸ್ಕಂಡ್ ಉಂಡ್ಯಲ್ದಾ? ಅದೇ ಪುರಾವೆ."

ಆಗ ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ, ನಿಮ್ಮಲ್ಲೇ ಇದ್ದು ಓದುತ್ತಿದ್ದೆ. ಬಿಸಿಲು ಹೋದರೆ ಹೋಗಲಿ, ಒಳಗೇ ಬೆಳಕು ಮಾಡಿಕೊಡುತ್ತೇನೆ ಎಂದೆ. ಕುಂದಾಪುರಕ್ಕೆ ಹೋಗಿ ಎಲ್‌ಇಡಿ ಪಟ್ಟಿ ಆರಿಸಿದೆ. ಅಂಗಡಿಯವರು ಗಿಡಕ್ಕೆ ಇದೇ ಎಂದು ತೋರಿಸಿದ ನೇರಳೆ ಬಣ್ಣದ್ದು ಬೇಡವೆಂದೆ. ಬಿಳಿ ಬೆಳಕಿನಲ್ಲಿ ಗಿಡಕ್ಕೆ ಬೇಕಾದದ್ದೆಲ್ಲ ಇರುತ್ತದೆ, ದೀಪಗಳು ಒತ್ತೊತ್ತಾಗಿರುವುದನ್ನು ಕೊಡಿ ಎಂದೆ. ಅಷ್ಟರ ಮಟ್ಟಿಗೆ ನಾನು ಸರಿಯಿದ್ದೆ — ಕೆಟ್ಟದ್ದು ಅಲ್ಲೇ. ಒಂದು ಸರಿಯಾದ ಮೇಲೆ ಉಳಿದದ್ದೂ ಸರಿಯೆಂದುಕೊಂಡೆ. "ಅಲ್ಯೂಮಿನಿಯಂ ಚಾನೆಲ್ ಬ್ಯಾಡ್ದಾ? ಬಿಸಿ ಹೊರಗ್ ಹೋಯ್ಕಲೆ," ಎಂದು ಅವರು ಕೇಳಿದಾಗ ನಕ್ಕು ಬಂದೆ.

ಅಡುಗೆಮನೆ ಪಕ್ಕದ ಹಳೆ ಕಪಾಟಿನ ಮೇಲಿನ ಹಲಗೆಯ ಅಡಿಗೆ, ಪ್ಲೈವುಡ್ಡಿಗೇ, ಪಟ್ಟಿಗಳನ್ನು ಸಾಲಾಗಿ ಅಂಟಿಸಿದೆ. ಕೆಳಗೆ, ಅದೇ ಮದುವೆ ಹಾಲ್‌ನಿಂದ ನೀವು ಆಯ್ದು ತೊಳೆದಿಟ್ಟಿದ್ದ ಐಸ್‌ಕ್ರೀಮ್ ಕಪ್ಪುಗಳಲ್ಲಿ ಸಸಿಗಳು. ಎರಡೆಲೆ, ಆಮೇಲೆ ನಾಲ್ಕೆಲೆ. ನೀವು ದಿನಾ ಬಾಗಿಲು ತೆರೆದು ಅವುಗಳ ಹತ್ತಿರ ಸಣ್ಣ ದನಿಯಲ್ಲಿ ಏನೋ ಮಾತಾಡುತ್ತಿದ್ದಿರಿ. ಒಂದು ದಿನ ಹಲಗೆ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡಿರಿ.

"ಹೆಣ್ಣೆ, ಇಲ್ಲ್ ಕೈ ಇಡುಕ್ ಆತಿಲ್ಲೆ. ದೋಸಿ ಕಾವ್ಲಿ ಆಯ್ತ್ ಕಾಣ್."

"ಎಲ್‌ಇಡಿ ಅಂದ್ರೆ ತಣ್ಣಗಿನ ಬೆಳಕ್ ದೊಡ್ಡಮ್ಮ. ನಿಮ್ದ್ ಹಳೆ ಬಲ್ಬಿನ ಲೆಕ್ಕ."

"ಲೆಕ್ಕ ನಂಗ್ ಗೊತ್ತಿಲ್ಲೆ. ಬಿಸಿ ಇತ್ತ್."

"ಅದ್ ನಿಮ್ಗ್ ಕಂಡದ್. ಪುರಾವೆ ಅಲ್ಲ."

"ಹ್ವಾಯ್ ವಕೀಲಮ್ಮ, ಒಂದ್ಸಲ ಕೈ ಇಟ್ ಕಂಡ್ರೆ ನಿನ್ ಬೆರಳ್ ಸವ್ದ್ ಹೋತಾ?"

ನಾನು ಕೈ ಇಡಲಿಲ್ಲ. ಇಟ್ಟರೆ ಸೋಲುತ್ತೇನೆಂದು ಗೊತ್ತಿತ್ತೋ — ಇರಬೇಕು. ನೀವೇ ಕಪಾಟಿನ ಬಾಗಿಲು ಹಾಕಿ ಅಡುಗೆಮನೆಗೆ ಹೋದಿರಿ. ಗೆದ್ದೆ ಎಂದುಕೊಂಡೆ.

ಆ ವಾರ ಎರಡು ದಿನದ ಚರ್ಚಾಸ್ಪರ್ಧೆಗೆ ಹೊರಟೆ. ಇಲಿ ಬರುತ್ತದೆಂದು, ದೀಪ ಉರಿಯುತ್ತಿರುವಂತೆಯೇ ಕಪಾಟಿನ ಬಾಗಿಲು ಹಾಕಿ, ನಾನು ಬರುವವರೆಗೆ ತೆರೆಯಬೇಡಿ ಎಂದೆ. ಮಾತು ಕೊಟ್ಟಿರಿ, ನಡೆದುಕೊಂಡಿರಿ. ಮರಳಿ ಬಂದಾಗ ನೀವು ಬಾವಿಕಟ್ಟೆಯಲ್ಲಿದ್ದಿರಿ. ಬಹುಮಾನದ ಫಲಕ ಕಂಕುಳಲ್ಲೇ ಇತ್ತು, ಬಾಗಿಲು ತೆರೆದೆ. ಬಿಸಿಗಾಳಿ ಮುಖಕ್ಕೆ ಬಡಿಯಿತು. ಅಂಟು ಕರಗಿ, ಪಟ್ಟಿ ಜೋತುಬಿದ್ದು, ಸಸಿಗಳ ಮೇಲೆ ಅಡ್ಡ ಮಲಗಿತ್ತು. ಅದರ ಅಡಿ ಸಿಕ್ಕ ಎಲೆಗಳು ಕಂದುಬಣ್ಣಕ್ಕೆ ತಿರುಗಿ ಪಟ್ಟಿಗೇ ಹಿಡಿದುಕೊಂಡಿದ್ದವು. ಉಳಿದವು ಒಣಗಿದ ಮಣ್ಣಿನಲ್ಲಿ ಮುರುಟಿಹೋಗಿದ್ದವು. ಒಂದೂ ಉಳಿದಿರಲಿಲ್ಲ.

ನಿಮ್ಮನ್ನು ಕೂಗಬೇಕಿತ್ತು. ನಾನು ಮಾಡಿದ್ದು — ಪಟ್ಟಿ ಒರೆಸಿ, ಟೇಪು ಹಾಕಿ ಮತ್ತೆ ಮೇಲಕ್ಕೆ ಅಂಟಿಸಿದೆ. ಕಪಾಟು ತಣ್ಣಗಾಗಲು ಬಿಟ್ಟೆ. ಆಮೇಲೆ ಕೂಗಿದೆ.

ನೀವು ಬೈಯಲಿಲ್ಲ. ಕೂತು ಒಂದೊಂದೇ ಕಪ್ಪನ್ನು ಎತ್ತಿ ನೋಡಿದಿರಿ. "ಎಂತ ಆಯ್ತ್ ಮಗಾ ಇದ್ಕೆ?"

"ಬೀಜ ಹಳತಾಯ್ತಾ ಎಂತದೋ. ಇಲ್ದಿರೆ ನಿಮ್ ಕೈಗುಣವೇ ಹೋಯ್ತ್ ಕಾಣಿ," ಎಂದು ನಕ್ಕೆ.

ನಾನು ನಂಬದ ಒಂದನ್ನು, ನೀವು ನಂಬುತ್ತೀರಿ ಎಂಬ ಒಂದೇ ಕಾರಣಕ್ಕೆ, ನಿಮ್ಮ ವಿರುದ್ಧವೇ ಸಾಕ್ಷಿಯಾಗಿ ನಿಲ್ಲಿಸಿದೆ. ನೀವು ನಿಮ್ಮ ಎರಡೂ ಅಂಗೈಗಳನ್ನು ಮಗುಚಿ ನೋಡಿಕೊಂಡಿರಿ, ದೊಡ್ಡಮ್ಮ. ಅದನ್ನು ನಾನು ನೋಡಿದೆ.

ವಾರ ಕಳೆದು ಪಕ್ಕದ ಮನೆಯ ಪದ್ದಕ್ಕ ಬೇಲಿಯಾಚೆಯಿಂದ ಕೂಗಿದರು: "ಹ್ವಾಯ್ ಗಿರಿಜಕ್ಕ, ನಾಳೆ ನಮ್ಮಲ್ಲ್ ಬೀಜ ಹಾಕುಕ್ ಬತ್ರ್ಯಲ್ದಾ?"

"ಇಲ್ಲೆ ಪದ್ದಕ್ಕ. ನನ್ ಕೈ ಈಗ ಒಳ್ಳೇದಿಲ್ಲೆ. ಬೇರೆಯವ್ರನ್ ಕರೀನಿ."

ಪದ್ದಕ್ಕ ತಮಾಷೆಯೆಂದು ನಕ್ಕರು. ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಅಂದಿನಿಂದ ನೀವು ಯಾರ ಮಡಿಗೂ ಇಳಿದಿಲ್ಲ, ನಿಮ್ಮದಕ್ಕೂ. ಬೂದಿಯಲ್ಲಿ ಬೆರೆಸಿಟ್ಟಿದ್ದ ಬೀಜದ ಡಬ್ಬಿಯನ್ನು ಎಸೆದು ಬಾ ಎಂದು ನನ್ನ ಕೈಗೇ ಕೊಟ್ಟಿರಿ.

ಎಸೆಯಲಿಲ್ಲ. ಈಗ ಬ್ರಹ್ಮಾವರದ ನನ್ನ ಬಾಡಿಗೆ ಕೋಣೆಯಲ್ಲಿದೆ. ಈ ವರ್ಷ ಆ ಬೀಜ ಹಾಕಿದೆ. ಎಲ್‌ಇಡಿಯ ಬೆಳಕು ಕೆಳಕ್ಕೆ ಹೋದರೆ ಬಿಸಿ ಅದರ ಬೆನ್ನಿಗೆ ಹೋಗುತ್ತದೆ. ಬೆನ್ನಿಗೆ ಲೋಹ ಬೇಕು, ಸುತ್ತ ಗಾಳಿ ಬೇಕು. ಅಂಗಡಿಯವರು ಹೇಳಿದ್ದು ಅದೇ, ನಿಮ್ಮ ಕೈ ಹೇಳಿದ್ದೂ ಅದೇ. ಈ ಸಲ ಅಲ್ಯೂಮಿನಿಯಂ ಚಾನೆಲ್‌ಗೆ ಅಂಟಿಸಿದೆ, ಪಟ್ಟಿಗಳ ನಡುವೆ ಜಾಗ ಬಿಟ್ಟೆ, ಹಳೆ ಕಂಪ್ಯೂಟರಿನ ಸಣ್ಣ ಫ್ಯಾನ್ ಇಟ್ಟೆ, ಬಾಗಿಲಿಲ್ಲದ ಕಡೆ ಇಟ್ಟೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೈ ಇಟ್ಟು ನೋಡುತ್ತೇನೆ. ನೀವು ಎಸೆಯಲು ಕೊಟ್ಟ ಬೀಜದಲ್ಲಿ ಹನ್ನೊಂದು ಸಸಿಗಳು ಎದ್ದಿವೆ.

ಭಾನುವಾರ ಅವನ್ನು ತೆಗೆದುಕೊಂಡು ಬರುತ್ತೇನೆ. ಪದ್ದಕ್ಕನನ್ನೂ ಕರೆಯುತ್ತೇನೆ, ಅವರೆದುರಿಗೇ ಇದನ್ನೆಲ್ಲ ಹೇಳುತ್ತೇನೆ, ಕೇರಿಗೆಲ್ಲ ಹೇಳಿ ಎಂದೂ ಹೇಳುತ್ತೇನೆ.

ಕೈಗುಣವನ್ನು ನಾನು ಈಗಲೂ ನಂಬುವುದಿಲ್ಲ, ದೊಡ್ಡಮ್ಮ. ನಂಬಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು. ಆದರೆ ಈ ಸಸಿಗಳನ್ನು ನೀವೇ ನೆಡಬೇಕೆಂದು ಆಸೆ. ಆಗುವುದಿಲ್ಲ ಎಂದರೆ ವಾದ ಮಾಡುವುದಿಲ್ಲ. ಕಪ್ಪುಗಳನ್ನು ಜಗಲಿಯ ಮೆಟ್ಟಿಲ ಮೇಲೆ ಇಟ್ಟು, ನೀರು ಹಾಕಿಕೊಂಡು, ಕಾಯುತ್ತೇನೆ.